ಹನ್ನೆರಡು ಗಂಟೆ ಎಂಟು ನಿಮಿಷ

1945ರ ಮಾರ್ಚ್ 9, ಶುಕ್ರವಾರ, ರಾತ್ರಿ ಹತ್ತೂವರೆ. ಟೋಕಿಯೊದ ಸುಮಿದಾ ನದಿಯ ಪೂರ್ವ ದಂಡೆಯ ಫುಕಗಾವಾ ಎಂಬ ಕೇರಿಯ ಓಣಿಯೊಂದರಲ್ಲಿ ನಿಂತಿದ್ದೀರಿ. ಕೈ ಚಾಚಿದರೆ ಎರಡೂ ಬದಿಯ ಮನೆಗಳ ಗೋಡೆ ಬೆರಳಿಗೆ ತಾಗುತ್ತದೆ. ಊರಿಗೆ ಊರೇ ಕತ್ತಲು. ಬೆಳಕು ಹೊರಗೆ ಬೀಳಬಾರದೆಂದು ದೀಪಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದಾರೆ. ವಾಯವ್ಯದ ಗಾಳಿ ಒಂದೇ ಸಮನೆ ಬೀಸುತ್ತಿದೆ. ಕದಗಳು ಅಲುಗುತ್ತಿವೆ, ಎಲ್ಲೋ ಸಡಿಲವಾದ ತಗಡೊಂದು ಪಟಪಟ ಬಡಿದುಕೊಳ್ಳುತ್ತಿದೆ. ಹಿಂದಿನ ತಿಂಗಳು ಹಿಮ ಬಿದ್ದ ಊರು, ಚಳಿ ಇನ್ನೂ ಹೋಗಿಲ್ಲ.

ಮುನ್ನೆಚ್ಚರಿಕೆಯ ಸೈರನ್ ಕೂಗುತ್ತದೆ. ಓಣಿಯಲ್ಲಿ ಯಾರೂ ಅಷ್ಟಾಗಿ ಗಾಬರಿಯಾಗುವುದಿಲ್ಲ. ಹೋದ ನವೆಂಬರಿನಿಂದ ಈ ಕೂಗು ಕೇಳಿ ಕೇಳಿ ಅಭ್ಯಾಸವಾಗಿದೆ. ಸಮುದ್ರದ ಕಡೆ ಶತ್ರು ವಿಮಾನಗಳು ಕಂಡಿವೆ ಎಂದ ರೇಡಿಯೊ, ಸ್ವಲ್ಪ ಹೊತ್ತಿನಲ್ಲಿ ಅವು ದೂರ ಸರಿದವು ಎನ್ನುತ್ತದೆ. ಜನ ಹಗಲಿನ ಬಟ್ಟೆಯಲ್ಲೇ ಮಲಗುತ್ತಾರೆ. ಎದ್ದರೆ ಕೈಗೆ ಸಿಗಬೇಕೆಂದು ದಪ್ಪ ಹತ್ತಿ ತುಂಬಿದ ಟೊಪ್ಪಿಗೆಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದಾರೆ. ಬಾಂಬಿನ ಚೂರು ಸಿಡಿದರೆ ತಲೆ, ಕಿವಿ ಉಳಿಯಲಿ ಎಂದು ಮನೆಮನೆಯಲ್ಲೂ ಹೊಲಿದುಕೊಂಡ ಟೊಪ್ಪಿಗೆ ಅದು. ಎದೆಯ ಮೇಲೆ ಹೊಲಿದ ಬಟ್ಟೆ ಚೀಟಿಯಲ್ಲಿ ಹೆಸರು, ವಿಳಾಸ, ರಕ್ತದ ಗುಂಪು.

ಒಂದು ಮನೆಯೊಳಗೆ ಇಣುಕಿ ನೋಡಿ. ಮರದ ಕಂಬ, ಮರದ ಹಲಗೆ, ಕಾಗದ ಅಂಟಿಸಿದ ಜಾರುಬಾಗಿಲು. ನೆಲದ ಮೇಲೆ ಒಣಹುಲ್ಲು ಒತ್ತಿ ಮಾಡಿದ ತತಾಮಿ ಚಾಪೆ, ಅದರ ಮೇಲೆ ಹತ್ತಿಯ ಹಾಸಿಗೆ. ಬೀದಿಯ ಕಡೆಯ ಕೋಣೆಯಲ್ಲಿ ಪುಟ್ಟದೊಂದು ಕೊರೆಯುವ ಯಂತ್ರ. ಹಗಲು ಇಲ್ಲಿ ಯಾವುದೋ ದೊಡ್ಡ ಕಾರ್ಖಾನೆಗೆ ಬೇಕಾದ ಸಣ್ಣ ಭಾಗಗಳು ತಯಾರಾಗುತ್ತವೆ. ಇಂಥ ಮನೆಗಳು ಇಲ್ಲಿ ಬೇಕಾದಷ್ಟಿವೆ. ಗಂಡಸರು ಯುದ್ಧಕ್ಕೆ ಹೋಗಿದ್ದಾರೆ. ಮಲಗಿರುವವರು ಅಜ್ಜಿ, ತಾಯಿ, ಬೆನ್ನಿಗೆ ಕಟ್ಟಿಕೊಳ್ಳುವ ವಯಸ್ಸಿನ ಕೂಸು ಮತ್ತು ಆರನೇ ತರಗತಿಯ ಹುಡುಗಿ. ಹಿಂದಿನ ವರ್ಷ ಆಗಸ್ಟಿನಿಂದ ಸರ್ಕಾರ ಶಾಲಾಮಕ್ಕಳನ್ನು ತಂಡತಂಡವಾಗಿ ಹಳ್ಳಿಗಳಿಗೆ ಕಳಿಸಿತ್ತು. ಪ್ರಾಥಮಿಕ ಶಾಲೆ ಮುಗಿಸುವ ಆರನೇ ತರಗತಿಯವರು ಮಾತ್ರ ಬೀಳ್ಕೊಡುಗೆಗೆಂದು ಈಗಷ್ಟೇ ಊರಿಗೆ ಮರಳಿದ್ದಾರೆ. ಮಗಳು ಬಂದಳೆಂದು ಸಂತೋಷಪಟ್ಟ ಮನೆಗಳು ಈ ಕೇರಿಯಲ್ಲಿ ಎಷ್ಟಿದ್ದವೋ.

ಬಾಗಿಲ ಬಳಿ ನೀರು ತುಂಬಿದ ಸಿಮೆಂಟಿನ ತೊಟ್ಟಿ, ಬಕೆಟ್ಟುಗಳು, ಮರಳಿನ ಚೀಲ, ಕೋಲಿನ ತುದಿಗೆ ಹಗ್ಗದ ಎಳೆ ಕಟ್ಟಿದ ಒಂದು ಪೊರಕೆ. ಅದನ್ನು ನೀರಿನಲ್ಲಿ ಅದ್ದಿ ಬೆಂಕಿಯನ್ನು ಬಡಿಯಬೇಕಂತೆ. ಐದಾರು, ಎಂಟು ಹತ್ತು ಮನೆಗಳಿಗೊಂದು ನೆರೆಹೊರೆ ಸಂಘ. ಸಂಘದ ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸುವುದನ್ನು ವರ್ಷಗಟ್ಟಲೆ ಕಲಿತಿದ್ದಾರೆ. ಬೆಂಕಿಬಾಂಬಿಗೆ ಅಂಜಬೇಡಿ, ಮೊದಲ ನಿಮಿಷಗಳಲ್ಲೇ ನುಗ್ಗಿ ಆರಿಸಿ ಎಂದು ಸರ್ಕಾರದ ಕೈಪಿಡಿ ಬೋಧಿಸುತ್ತದೆ. 1937ರಲ್ಲಿ ಬಂದ ವಾಯುರಕ್ಷಣಾ ಕಾನೂನನ್ನು 1941ರಲ್ಲಿ ತಿದ್ದಿ, ನಗರ ಬಿಟ್ಟು ಹೋಗುವುದನ್ನು ತಡೆಯುವ ಅಧಿಕಾರವನ್ನು ಸರ್ಕಾರ ಪಡೆಯಿತು, ಬೆಂಕಿ ಆರಿಸುವುದನ್ನು ನಿವಾಸಿಗಳ ಕರ್ತವ್ಯ ಮಾಡಿತು. ತಪ್ಪಿದರೆ ಶಿಕ್ಷೆ. ಶಿಕ್ಷೆಗಿಂತ ಹೆಚ್ಚಿನದು ನೆರೆಯವರ ಕಣ್ಣು. ಓಡಿಹೋದವಳು ಎನಿಸಿಕೊಂಡು ಅದೇ ಓಣಿಯಲ್ಲಿ ನಾಳೆ ಅಕ್ಕಿಯ ಪಡಿತರಕ್ಕೆ ನಿಲ್ಲುವುದು ಹೇಗೆ? ಪಡಿತರ ಹಂಚುವುದೂ ಅದೇ ಸಂಘ.

ಈ ತಾಯಿ ಆ ಪೊರಕೆಯನ್ನು ನಂಬಿ ಮಲಗಿದ್ದಾಳೆ. ಇದನ್ನು ನೆನಪಿಡಿ.

ಅವಳು ಮಲಗಿದ ಹೊತ್ತಿಗೆ ವಿಮಾನಗಳು ಸಮುದ್ರದ ಮೇಲೆ ಬಹಳ ದೂರ ಬಂದಾಗಿದೆ. ದಕ್ಷಿಣಕ್ಕೆ ಸುಮಾರು 2,400 ಕಿಲೋಮೀಟರ್ ದೂರದ ಗ್ವಾಮ್, ಸೈಪಾನ್, ಟಿನಿಯನ್ ದ್ವೀಪಗಳಿಂದ ಸಂಜೆಯೇ 300ಕ್ಕೂ ಹೆಚ್ಚು ಬಿ-29 ಬಾಂಬರ್‌ಗಳು ಒಂದರ ಹಿಂದೊಂದು ಹಾರಿವೆ. ಅದುವರೆಗೆ ಇವು ಹೆಚ್ಚಾಗಿ ತುಂಬ ಎತ್ತರದಿಂದ, ಹಗಲಿನಲ್ಲಿ, ವಿಮಾನ ಕಾರ್ಖಾನೆಗಳಿಗೆ ಗುರಿಯಿಟ್ಟು ಬಾಂಬು ಹಾಕುತ್ತಿದ್ದವು. ಜಪಾನಿನ ಮೇಲೆ ಅಷ್ಟೆತ್ತರದಲ್ಲಿ ಬೀಸುವ ಬಿರುಗಾಳಿ ಮತ್ತು ಮೋಡ ಗುರಿ ತಪ್ಪಿಸುತ್ತಿದ್ದವು. ಆ ಪಡೆಯ ಮುಖ್ಯಸ್ಥನಾಗಿದ್ದ ಹೇವುಡ್ ಹ್ಯಾನ್ಸೆಲ್‌ನನ್ನು ಬದಲಿಸಿ ಕರ್ಟಿಸ್ ಲೆಮೇ ಎಂಬ 38ರ ಜನರಲ್‌ನನ್ನು ತಂದರು. ಲೆಮೇ ಎಲ್ಲವನ್ನೂ ತಿರುಗಿಸಿಟ್ಟ. ಹಗಲಿನ ಬದಲು ರಾತ್ರಿ. ಒಂಬತ್ತು ಸಾವಿರ ಮೀಟರಿನ ಬದಲು ಎರಡು ಸಾವಿರದ ಆಸುಪಾಸು. ಹಗುರಾಗಲೆಂದು ಬಹುಪಾಲು ಬಂದೂಕುಗಳನ್ನು ಬಿಚ್ಚಿಸಿ, ಉಳಿದ ತೂಕಕ್ಕೂ ಬೆಂಕಿಬಾಂಬನ್ನೇ ತುಂಬಿಸಿದ. ಈ ಸಲ ಗುರಿಯಾದದ್ದು ಕಾರ್ಖಾನೆಯಲ್ಲ. ನಕ್ಷೆಯ ಮೇಲೆ ಗೆರೆ ಎಳೆದ ಒಂದು ಪ್ರದೇಶ: ಅಸಕುಸಾ, ಹೊಂಜೊ, ಫುಕಗಾವಾ, ನಿಹೊಂಬಾಶಿಯ ಭಾಗ. ಚದರ ಕಿಲೋಮೀಟರಿಗೆ ಸುಮಾರು 40,000 ಜನ ಒತ್ತೊತ್ತಾಗಿ ಬಾಳುತ್ತಿದ್ದ, ಆ ಕಾಲದ ಜಗತ್ತಿನಲ್ಲೇ ಅತ್ಯಂತ ಕಿಕ್ಕಿರಿದ ವಸತಿಗಳಲ್ಲಿ ಒಂದು.

ಆ ಮನೆಯೊಳಗಿನ ತತಾಮಿ ಚಾಪೆಯನ್ನು ಅಮೆರಿಕದಲ್ಲಿ ಆಗಲೇ ಸುಟ್ಟು ನೋಡಿದ್ದರು. ಎರಡು ವರ್ಷದ ಹಿಂದೆ, 1943ರಲ್ಲಿ, ಯೂಟಾ ರಾಜ್ಯದ ಡಗ್‌ವೇ ಎಂಬ ಮರುಭೂಮಿಯಲ್ಲಿ ಜಪಾನಿ ಕಾರ್ಮಿಕರ ಮನೆಗಳ ಸಾಲೊಂದನ್ನು ಕಟ್ಟಿದರು. ಜಪಾನಿ ಮರಕ್ಕೆ ಹತ್ತಿರದ ಜಾತಿಯ ಮರ ಹುಡುಕಿ ತಂದರು. ಒಳಗೆ ಚಾಪೆ, ಜಾರುಬಾಗಿಲು, ಗಿಡ್ಡ ಮೇಜು, ಎಲ್ಲವನ್ನೂ ಜೋಡಿಸಿದರು. ಆಮೇಲೆ ವಿಮಾನದಿಂದ ಬಾಂಬು ಹಾಕುವುದು, ಎಷ್ಟು ನಿಮಿಷಕ್ಕೆ ಬೆಂಕಿ ಕೈಮೀರುತ್ತದೆಂದು ಅಳೆಯುವುದು, ಮತ್ತೆ ಕಟ್ಟುವುದು, ಮತ್ತೆ ಸುಡುವುದು. ವಿನ್ಯಾಸ ಮಾಡಿಕೊಟ್ಟವನು ಆಂಟೊನಿನ್ ರೇಮಂಡ್. ಎರಡು ದಶಕದ ಹತ್ತಿರ ಟೋಕಿಯೊದಲ್ಲೇ ಬಾಳಿ, ಅಲ್ಲಿನ ಬಡಗಿಗಳಿಂದ ಮರದ ಕೆಲಸ ಕಲಿತ ವಾಸ್ತುಶಿಲ್ಪಿ. ನಮ್ಮ ಪುದುಚೇರಿಯಲ್ಲಿ ಅರವಿಂದಾಶ್ರಮದ ‘ಗೋಲ್ಕೊಂಡ’ ಕಟ್ಟಡವನ್ನು ನೋಡಿದವರಿಗೆ ಈತನ ಕೈ ಪರಿಚಿತ. ಗಾಳಿ, ನೆರಳು, ಮೌನ ಇವನ್ನು ಅಷ್ಟು ಚೆನ್ನಾಗಿ ಬಲ್ಲವನು ಈ ಕೆಲಸಕ್ಕೂ ಕೂತನೆಂಬುದು ನನ್ನಲ್ಲಿ ಅರಗದೆ ಉಳಿದಿದೆ. ಜಪಾನಿನ ಮನೆಯನ್ನು ಪ್ರೀತಿಸಿ ಕಲಿತ ತಿಳಿವಳಿಕೆಯೇ ಅದನ್ನು ಸುಡಲು ಬೇಕಾಗಿತ್ತು.

ಆ ಪರೀಕ್ಷೆಗಳಲ್ಲಿ ಮೇಲುಗೈ ಪಡೆದ ಬಾಂಬಿನ ಹೆಸರು ಎಂ-69. ಅರ್ಧ ಮೀಟರ್ ಉದ್ದದ, ಆರು ಮೂಲೆಯ ಕಬ್ಬಿಣದ ಕೊಳವೆ. ತೂಕ ಮೂರು ಕಿಲೋಗಿಂತ ಕಡಿಮೆ. ಒಳಗೆ ನೇಪಾಮ್. 1942ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಲೂಯಿ ಫೀಸರ್ ಎಂಬ ರಸಾಯನ ವಿಜ್ಞಾನಿಯ ತಂಡ ಪೆಟ್ರೋಲನ್ನು ಗಟ್ಟಿ ಅಂಟಾಗಿಸಿ ತಯಾರಿಸಿದ ದ್ರವ್ಯ. ಇಂಥ 38 ಕೊಳವೆಗಳ ಕಟ್ಟೊಂದು ವಿಮಾನದಿಂದ ಬಿದ್ದು, ನೆಲಕ್ಕೆ ಕೆಲವು ನೂರು ಮೀಟರ್ ಇರುವಾಗ ಬಿಚ್ಚಿಕೊಳ್ಳುತ್ತದೆ. ಪ್ರತಿ ಕೊಳವೆಗೂ ಬಟ್ಟೆಯ ಉದ್ದ ಬಾಲ. ಚಾವಣಿ ತೂತು ಮಾಡಿ ಒಳಗೆ ಬಿದ್ದ ಮೇಲೆ ಮೂರರಿಂದ ಐದು ಸೆಕೆಂಡು ಸುಮ್ಮನಿರುತ್ತದೆ. ಆಮೇಲೆ ಉರಿಯುವ ಅಂಟಿನ ಮುದ್ದೆಯನ್ನು ಹತ್ತಾರು ಅಡಿ ದೂರಕ್ಕೆ ಉಗುಳುತ್ತದೆ. ಅದು ಗೋಡೆಗೆ ಬಡಿದರೆ ಗೋಡೆಗೇ ಅಂಟಿಕೊಂಡು ಉರಿಯುತ್ತದೆ. ನೀರು ಹೊಯ್ದರೆ ಚಿಮ್ಮಿ ಹರಡುತ್ತದೆ. ಒದ್ದೆ ಪೊರಕೆಯಿಂದ ಬಡಿದರೆ ಪೊರಕೆಗೆ ಮೆತ್ತಿಕೊಳ್ಳುತ್ತದೆ.

ಮಾರ್ಚ್ 10, ಹನ್ನೆರಡು ಗಂಟೆ ಎಂಟು ನಿಮಿಷ. ಫುಕಗಾವಾದ ಮೇಲೆ ಮೊದಲ ಬಾಂಬುಗಳು ಬೀಳುತ್ತವೆ. ವಾಯುದಾಳಿಯ ಸೈರನ್ ಇನ್ನೂ ಕೂಗಿಲ್ಲ. ಅದು ಕೂಗುವುದು ಹನ್ನೆರಡೂ ಕಾಲಿಗೆ.

ಆ ಏಳು ನಿಮಿಷ ನೀವು ಓಣಿಯಲ್ಲೇ ನಿಂತಿದ್ದೀರಿ. ಮೊದಲು ಸದ್ದು ಬರುತ್ತದೆ, ಇದುವರೆಗೆ ಕೇಳಿರದಷ್ಟು ಹತ್ತಿರದಿಂದ. ತಲೆ ಎತ್ತಿದರೆ ಚಾವಣಿಗಳನ್ನು ಸವರುವಂತೆ ದೊಡ್ಡ ವಿಮಾನವೊಂದು, ಅದರ ಬೆಳ್ಳಿ ಹೊಟ್ಟೆಯ ಮೇಲೆ ಕೆಳಗಿನ ಬೆಂಕಿಯ ಕೆಂಪು. ಅದರ ಹಿಂದೆ ಇನ್ನೊಂದು. ಬಾಲಕ್ಕೆ ಬೆಂಕಿ ಹತ್ತಿದ ಕೊಳವೆಗಳು ಗುಂಪುಗುಂಪಾಗಿ ಇಳಿಯುತ್ತವೆ. ಆಮೇಲೆ ಬದುಕಿ ಉಳಿದವರಲ್ಲಿ ಎಷ್ಟೋ ಮಂದಿ, ಬೆಂಕಿಯ ಮಳೆ ಎಂದರು, ನೋಡಲು ಚೆನ್ನಾಗಿತ್ತು ಎಂದೂ ಹೇಳಿದರು. ಹೇಳಿದ ಕೂಡಲೇ ನಾಚಿಕೊಂಡರು. ಮುಂಚೂಣಿಯ ವಿಮಾನಗಳು ಕೇರಿಗಳ ಮೇಲೆ ಬೆಂಕಿಯಿಂದ ಗುರುತು ಹಾಕಿ ಹೋದವು. ಹಿಂದೆ ಬಂದವರು ಆ ಗುರುತಿನ ಒಳಗನ್ನೂ ಹೊರಗನ್ನೂ ತುಂಬಿದರು.

ಹೆಂಗಸರು ಹೊರಗೆ ಬರುತ್ತಾರೆ. ಓಡುವುದಕ್ಕಲ್ಲ, ಸಾಲು ನಿಲ್ಲುವುದಕ್ಕೆ. ಕಲಿತಂತೆಯೇ ಬಕೆಟ್ಟುಗಳು ಕೈಯಿಂದ ಕೈಗೆ ದಾಟುತ್ತವೆ. ಒಂದು ಮನೆಯ ಬೆಂಕಿಗೆ ನಾಲ್ಕು ಬಕೆಟ್ ಸುರಿದಾಗ ಹಿಂದಿನ ಮೂರು ಮನೆ ಹತ್ತಿಕೊಂಡಿರುತ್ತವೆ. ಸಂಘದ ಮುಖ್ಯಸ್ಥ, ಯಾರೂ ಜಾಗ ಬಿಡಬೇಡಿ ಎಂದು ಕೂಗುತ್ತಾನೆ. ಅವನೂ ಬಿಡುವುದಿಲ್ಲ. ಮೊದಲ ಹದಿನೈದು ಇಪ್ಪತ್ತು ನಿಮಿಷ ಬಯಲಿನ ಕಡೆಗೋ ಸಮುದ್ರದ ಕಡೆಗೋ ದಾರಿ ತೆರೆದಿತ್ತು. ಆ ಹೊತ್ತನ್ನು ಜನ ಬಕೆಟ್ ದಾಟಿಸುತ್ತಾ ಕಳೆದರು. ಯಾರ ಅಂಜಿಕೆ ದೊಡ್ಡದಾಗಿತ್ತೋ, ಯಾರು ಮೊದಲೇ ಎಲ್ಲ ಬಿಟ್ಟು ಓಡಿದರೋ, ಅವರಲ್ಲಿ ಹೆಚ್ಚು ಜನ ಬದುಕಿದರು. ಹೇಳಿದ ಮಾತು ಕೇಳಿದವರು ಸತ್ತರು. ಆ ರಾತ್ರಿಯ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಈ ಹದಿನೈದು ನಿಮಿಷದ ಮೇಲೆ.

ಗಾಳಿ ಈಗ ಬೆಂಕಿಯ ಕೈಗೆ ಸಿಕ್ಕಿದೆ. ಸಣ್ಣ ಬೆಂಕಿಗಳೆಲ್ಲ ಸೇರಿ ಒಂದೇ ಗೋಡೆಯಾಗಿ ಆಗ್ನೇಯದ ಕಡೆಗೆ ಸರಿಯತೊಡಗಿವೆ. ನಿಮ್ಮ ಬೆನ್ನಿನ ಕಡೆಯಿಂದ ಬೀಸುತ್ತಿದ್ದ ಗಾಳಿ ಒಮ್ಮೆಲೇ ಸುಳಿಯಾಗುತ್ತದೆ. ಹಲಗೆಗಳು, ಚಾಪೆಗಳು, ಉರಿಯುತ್ತಿರುವ ಹಾಸಿಗೆಗಳು ತಲೆಯ ಎತ್ತರದಲ್ಲಿ ಹಾರುತ್ತಿವೆ. ನೆಲದ ಮೇಲೆ ಕಿಡಿಗಳು ನದಿಯಂತೆ ಹರಿಯುತ್ತಿವೆ. ಕಣ್ಣು ತೆರೆಯಲಾಗದು, ಉಸಿರು ಎಳೆದರೆ ಗಂಟಲು ಸುಡುತ್ತದೆ. ಬೆಂಕಿ ಮುಟ್ಟದಿದ್ದರೂ ಎದುರು ಮನೆಯ ಗೋಡೆ ತನ್ನಷ್ಟಕ್ಕೆ ಹೊಗೆಯಾಡಿ ಹತ್ತಿಕೊಳ್ಳುತ್ತದೆ. ತಲೆ ಕಾಯಬೇಕಾದ ಹತ್ತಿ ಟೊಪ್ಪಿಗೆಗೆ ಕಿಡಿ ತಾಗಿದರೆ ಅದು ಒಳಗೊಳಗೇ ಕಮರುತ್ತದೆ. ತೊಟ್ಟವರಿಗೆ ತಿಳಿಯುವುದು ಕೂದಲು ಹತ್ತಿದಾಗ. ಬೆನ್ನ ಮೇಲಿನ ಕೂಸಿಗೂ ಹಾಗೆಯೇ. ಕೂಸು ಅಳು ನಿಲ್ಲಿಸಿತು, ನಿದ್ದೆ ಹೋಯಿತೆಂದುಕೊಂಡು ಓಡುತ್ತಲೇ ಇದ್ದ ತಾಯಂದಿರ ಸಾಕ್ಷ್ಯಗಳು ಒಂದಲ್ಲ, ಎಷ್ಟೋ ಇವೆ.

ಎಲ್ಲಿಗೆ ಓಡುವುದು? ಈ ಕೇರಿಗಳ ಹಿರಿಯರಿಗೆ ಬೆಂಕಿಯ ನೆನಪು ಹೊಸದಲ್ಲ. 1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಹೊಂಜೊದ ಖಾಲಿ ಮೈದಾನವೊಂದರಲ್ಲಿ ಸೇರಿದ್ದ ಸುಮಾರು 38,000 ಜನ ಬೆಂಕಿಯ ಸುಳಿಗೆ ಸಿಕ್ಕಿ ಸತ್ತಿದ್ದರು. ಆಮೇಲೆ ನಗರ ಪಾಠ ಕಲಿತಿತ್ತು. ಅಗಲವಾದ ರಸ್ತೆ, ಕಬ್ಬಿಣದ ಸೇತುವೆ, ಕಾಂಕ್ರೀಟಿನ ಶಾಲೆ, ಉದ್ಯಾನ, ಎಲ್ಲವೂ ಮತ್ತೆ ಹಾಗಾಗದಿರಲೆಂದು ಕಟ್ಟಿದ್ದು. ಈ ರಾತ್ರಿ ಜನ ಓಡುವುದು ಅಲ್ಲಿಗೇ. ಅಸಕುಸಾದ ಕಡೆಯವರು ಸೆನ್ಸೋಜಿಯ ಕನ್ನೊನ್ ಗುಡಿಗೆ ಓಡುತ್ತಾರೆ. 1649ರಲ್ಲಿ ಕಟ್ಟಿದ ಗುಡಿ, 1923ರ ಬೆಂಕಿ ಅದನ್ನು ಮುಟ್ಟಿರಲಿಲ್ಲ. ಕರುಣೆಯ ದೇವತೆ ಈ ಸಲವೂ ಕೈಬಿಡಳು ಎಂಬ ಭರವಸೆ. ಗುಡಿ ಹೊತ್ತಿ ಉರಿಯಿತು. ಅಂಗಳದಲ್ಲಿ ಸುಟ್ಟ ಗಾಯ ಹೊತ್ತ ಗಿಂಕೊ ಮರವೊಂದು ಇಂದೂ ಇದೆ.

ಕಾಂಕ್ರೀಟಿನ ಶಾಲೆಗಳಲ್ಲಿ ನೂರಾರು ಜನ ಒಳಸೇರಿ ಬಾಗಿಲು ಮುಚ್ಚಿಕೊಂಡರು. ಗೋಡೆ ಸುಡಲಿಲ್ಲ. ಕಿಟಕಿಗಳಿಂದ ಬೆಂಕಿ ನುಗ್ಗಿತು, ಒಳಗಿನ ನೆಲದ ಹಲಗೆ, ಮೇಜು, ಮನುಷ್ಯರು ಎಲ್ಲ ಸುಟ್ಟು ಹೊರಗೋಡೆ ಹಾಗೇ ನಿಂತಿತು. ಶಾಲೆಯ ಈಜುಕೊಳಕ್ಕೆ ಹಾರಿದವರ ಮೇಲೆ ಮತ್ತಷ್ಟು ಜನ ಹಾರಿದರು. ನಿಹೊಂಬಾಶಿಯಲ್ಲಿ ಮೇಜಿಜಾ ಎಂಬ ದೊಡ್ಡ ನಾಟಕ ಮಂದಿರವಿತ್ತು. ಅದೂ ಕಾಂಕ್ರೀಟು. ಒಳಗೆ ಹೋದವರಿಗೆ ಹೊರಗೆ ಬರಲಾಗಲಿಲ್ಲ.

ಬನ್ನಿ, ಜನರ ಹಿಂದೆ ನದಿಯ ಕಡೆಗೆ ಹೋಗೋಣ. ಸುಮಿದಾದ ಮೇಲೆ ಕೊತೊತೊಯ್ ಸೇತುವೆ, 1928ರದು, ಇನ್ನೂರು ಮೀಟರಿಗೂ ಉದ್ದದ್ದು. ಅಸಕುಸಾದವರು ಪೂರ್ವದ ದಂಡೆ ಸೇರಿದರೆ ಉಳಿದೇವು ಎಂದು ಬರುತ್ತಿದ್ದಾರೆ. ಪೂರ್ವದ ಮುಕೋಜಿಮಾದವರು ಪಶ್ಚಿಮಕ್ಕೆ ದಾಟಿದರೆ ಸಾಕು ಎಂದು ಬರುತ್ತಿದ್ದಾರೆ. ಕೈಗಾಡಿ, ಸೈಕಲ್ಲು, ಹಾಸಿಗೆಯ ಗಂಟು, ಮುದುಕರನ್ನು ಕೂರಿಸಿದ ತಳ್ಳುಗಾಡಿ. ಎರಡು ಗುಂಪು ಸೇತುವೆಯ ನಡುವೆ ಸಿಕ್ಕಿಕೊಂಡು, ಮುಂದೆ ಹೋಗುವಂತಿಲ್ಲ, ಹಿಂದೆ ಸರಿಯುವಂತಿಲ್ಲ. ಹಿಂದಿನಿಂದ ತಳ್ಳುವವರಿಗೆ ಮುಂದಿನದು ಕಾಣದು. ನೀವು ಕಟಕಟೆಗೆ ಒತ್ತಿಕೊಂಡಿದ್ದೀರಿ. ಕಬ್ಬಿಣ ಕೈಗೆ ಸುಡುತ್ತಿದೆ. ಯಾರೋ ಮಗುವೊಂದರ ಹೆಸರು ಕೂಗುತ್ತಿದ್ದಾರೆ, ಸ್ವಲ್ಪ ಹೊತ್ತಿಗೆ ಆ ಕೂಗು ಬೇರೆ ಹೆಸರುಗಳ ಕೂಗಿನಲ್ಲಿ ಕಳೆದುಹೋಗುತ್ತದೆ. ಆಗ ಪಶ್ಚಿಮದ ಬೆಂಕಿಯ ನಾಲಗೆ ನದಿಯ ನೀರನ್ನು ಸವರುತ್ತಾ ಸೇತುವೆಯ ಮೇಲೆ ಬರುತ್ತದೆ. ಗಂಟುಗಳು ಹತ್ತುತ್ತವೆ, ಗಂಟು ಹೊತ್ತವರು ಹತ್ತುತ್ತಾರೆ. ಒಬ್ಬರಿಂದ ಒಬ್ಬರಿಗೆ, ಒತ್ತಿ ನಿಂತಿದ್ದರಿಂದಲೇ.

ಕಟಕಟೆ ಹಾರಿದವರಿಗೆ ನೀರು ಸಿಕ್ಕಿತು. ಮಾರ್ಚಿನ ನೀರು. ಮೇಲೆ ತಲೆ ಸುಡುವ ಬಿಸಿ, ಕೆಳಗೆ ಕಾಲು ಮರಗಟ್ಟಿಸುವ ಚಳಿ. ಮುಳುಗಿ ಸತ್ತವರು, ಚಳಿಗೆ ಸತ್ತವರು, ಮೇಲಿಂದ ಬಿದ್ದವರ ಕೆಳಗೆ ಸತ್ತವರು. ಫುಕಗಾವಾ, ಹೊಂಜೊಗಳನ್ನು ಕತ್ತರಿಸಿ ಹರಿಯುವ ಕಾಲುವೆಗಳಲ್ಲೂ ಇದೇ. ದಡದಿಂದ ದಡಕ್ಕೆ ಬೆಂಕಿ ದಾಟುವಷ್ಟು ಕಿರಿದಾದ ಕಾಲುವೆಗಳವು. ಅಲ್ಲಿ ನೀರಿನೊಳಗಿದ್ದವರಲ್ಲಿ ಎಷ್ಟೋ ಜನರ ಮೈಮೇಲೆ ಸುಟ್ಟ ಗುರುತೇ ಇರಲಿಲ್ಲ. ಸುತ್ತಲಿನ ಗಾಳಿಯನ್ನೆಲ್ಲ ಬೆಂಕಿ ಕುಡಿದಿತ್ತು.

ಮೇಲೆ ಹಾರುತ್ತಿರುವವರಿಗೂ ಇದು ತಟ್ಟದೆ ಇರಲಿಲ್ಲ. ಕೆಳಗಿನ ಬಿಸಿಗಾಳಿ ಅಷ್ಟು ದೊಡ್ಡ ವಿಮಾನಗಳನ್ನು ನೂರಾರು ಮೀಟರ್ ಮೇಲಕ್ಕೆ ಎಸೆಯುತ್ತಿತ್ತು. ಬಾಂಬು ಹಾಕಲು ಹೊಟ್ಟೆಯ ಬಾಗಿಲು ತೆರೆದಾಗ ಸುಟ್ಟ ಮಾಂಸದ ವಾಸನೆ ಒಳಗೆ ಬಂತೆಂದು ಸಿಬ್ಬಂದಿಯಲ್ಲಿ ಹಲವರು ಆಮೇಲೆ ಹೇಳಿದ್ದಾರೆ. ಕೆಲವರು ವಾಂತಿ ಮಾಡಿಕೊಂಡರು. ಅವರೂ ಇಪ್ಪತ್ತರ ಆಸುಪಾಸಿನ ಹುಡುಗರು, ನಾಳೆ ಬದುಕಿರುತ್ತೇವೋ ಇಲ್ಲವೋ ಎಂದು ತಿಳಿಯದವರು. ಆ ರಾತ್ರಿ ಹದಿನಾಲ್ಕು ವಿಮಾನಗಳು ಮರಳಲಿಲ್ಲ. ಮನೆಮನೆಯಲ್ಲೂ ಯಂತ್ರವಿತ್ತು, ಇಡೀ ಕೇರಿಯೇ ಯುದ್ಧದ ಕಾರ್ಖಾನೆಯಾಗಿತ್ತು ಎಂದು ಲೆಮೇ ಕೊನೆಯವರೆಗೂ ವಾದಿಸಿದ. ಯಂತ್ರಗಳಿದ್ದದ್ದು ನಿಜ. ನಾವು ಆಗಲೇ ನೋಡಿದೆವಲ್ಲ, ಬೀದಿಯ ಕೋಣೆಯಲ್ಲಿ. ಆದರೆ ಆ ಕೊರೆಯುವ ಯಂತ್ರದ ಪಕ್ಕದ ಕೋಣೆಯಲ್ಲಿ ಮಲಗಿದ್ದ ಕೂಸನ್ನು ಯಾವ ಲೆಕ್ಕದಿಂದಲೂ ಕಾರ್ಖಾನೆ ಎನ್ನಲಾಗದು. ಸೋತಿದ್ದರೆ ತಮ್ಮನ್ನೇ ಯುದ್ಧಾಪರಾಧಿಗಳೆಂದು ವಿಚಾರಿಸುತ್ತಿದ್ದರು ಎಂದು ಲೆಮೇ ಹೇಳಿದ್ದನ್ನು, ಆಗ ಅವನ ಕೈಕೆಳಗೆ ಅಂಕಿಸಂಖ್ಯೆಯ ಕೆಲಸ ಮಾಡುತ್ತಿದ್ದ ರಾಬರ್ಟ್ ಮೆಕ್‌ನಮಾರಾ ಎಷ್ಟೋ ವರ್ಷಗಳ ಮೇಲೆ ನೆನೆದಿದ್ದಾನೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಇದೇ ಟೋಕಿಯೊದಿಂದ ಆಜ್ಞೆ ಪಡೆದ ವಿಮಾನಗಳು 1938ರಿಂದ ಚೀನಾದ ಚೊಂಗ್‌ಚಿಂಗ್ ನಗರದ ಮೇಲೆ ವರ್ಷಗಟ್ಟಲೆ ಬಾಂಬು ಸುರಿದಿದ್ದವು. 1941ರ ಡಿಸೆಂಬರ್ 23ರಂದು ರಂಗೂನಿನ ಬೀದಿಗಳಲ್ಲಿ ತಲೆ ಎತ್ತಿ ನೋಡುತ್ತಾ ನಿಂತವರನ್ನು ಕೊಂದವೂ ಅವೇ, ಅವರಲ್ಲಿ ಸಮುದ್ರ ದಾಟಿ ದುಡಿಯಲು ಹೋದ ನಮ್ಮವರು ಬಹಳ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1939ರ ಸೆಪ್ಟೆಂಬರ್ 1ರಂದು, ನಗರಗಳ ನಿವಾಸಿಗಳ ಮೇಲೆ ಬಾಂಬು ಹಾಕಬೇಡಿ ಎಂದು ಯುರೋಪಿನ ದೇಶಗಳನ್ನು ಕೇಳಿಕೊಂಡಿದ್ದ. ಆರು ವರ್ಷ ತುಂಬುವ ಮೊದಲೇ ಅವನ ವಿಮಾನಗಳು ಕೊತೊತೊಯ್ ಸೇತುವೆಯ ಮೇಲಿದ್ದವು. ಚೊಂಗ್‌ಚಿಂಗ್‌ನ ಸತ್ತವರ ಹೆಸರಿನಲ್ಲಿ ಫುಕಗಾವಾದ ಹುಡುಗಿಯನ್ನು ಸುಡಬಹುದೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಆ ವಾದ ಒಪ್ಪಿದರೆ ಯಾವ ಊರಿನ ಯಾವ ಮಗುವೂ ಉಳಿಯುವುದಿಲ್ಲ.

ಎರಡು ಗಂಟೆ ಮೂವತ್ತೇಳು ನಿಮಿಷಕ್ಕೆ ದಾಳಿ ಮುಗಿಯಿತೆಂಬ ಸೈರನ್ ಆಯಿತು. ಕೇಳಿಸಿಕೊಳ್ಳಬೇಕಾದ ಕೇರಿಗಳಲ್ಲಿ ಸೈರನ್ನೇ ಉಳಿದಿರಲಿಲ್ಲ. ಬೆಂಕಿ ಇನ್ನೂ ಗಂಟೆಗಟ್ಟಲೆ ಉರಿಯಿತು, ಸುಡಲು ಏನೂ ಉಳಿಯದ ಕಡೆ ತಾನಾಗಿ ಆರಿತು.

ಬೆಳಗಾಯಿತು. ಸೂರ್ಯ ಹೊಗೆಯ ಹಿಂದೆ ಮಂಕಾಗಿದ್ದಾನೆ. ನಿನ್ನೆ ಓಣಿಯಿಂದ ಆಕಾಶದ ಒಂದು ಪಟ್ಟಿಯಷ್ಟೇ ಕಾಣುತ್ತಿತ್ತು. ಈಗ ಕಿಲೋಮೀಟರುಗಟ್ಟಲೆ ಬಯಲು. ನಿಂತಿರುವುದು ಚಿಮಣಿಗಳು, ಗಟ್ಟಿ ಗೋಡೆಯ ಉಗ್ರಾಣಗಳು, ತಿರುಚಿದ ನಲ್ಲಿಗಳು, ಒಡೆದ ನಲ್ಲಿಯಿಂದ ಸುಮ್ಮನೆ ಸೋರುವ ನೀರು. ಮನೆಯಿದ್ದ ಜಾಗವನ್ನು ಜನ ಗುರುತಿಸುವುದು ಸಿಮೆಂಟಿನ ತೊಟ್ಟಿಯಿಂದ. ಕೆಲವು ತೊಟ್ಟಿಗಳೊಳಗೆ ಜನ ಕೂತಿದ್ದಾರೆ, ಕೂತಂತೆಯೇ ಸತ್ತಿದ್ದಾರೆ. ಮನೆಯ ಮುಂದೆ, ಮನೆಯ ಕೆಳಗೆ ತೋಡಿದ್ದ ಅಡಗು ಗುಂಡಿಗಳಲ್ಲಿ ಇಡೀ ಕುಟುಂಬಗಳು. ಎದೆಯ ಮೇಲಿನ ಹೆಸರಿನ ಚೀಟಿ ಬಟ್ಟೆಯದು, ಅದು ಮೊದಲೇ ಸುಟ್ಟಿತ್ತು. ಗಂಡೋ ಹೆಣ್ಣೋ ತಿಳಿಯದ ದೇಹಗಳ ನಡುವೆ ಒಬ್ಬಾತ ಬಗ್ಗಿ ಬಗ್ಗಿ ಹಲ್ಲುಗಳನ್ನು ನೋಡುತ್ತಾ ನಡೆಯುತ್ತಾನೆ, ಇನ್ನೊಬ್ಬಳು ಬೆಲ್ಟಿನ ಬಿಲ್ಲೆಗಳನ್ನು.

ಇಶಿಕಾವಾ ಕೋಯೊ ಟೋಕಿಯೊ ಪೊಲೀಸ್ ಇಲಾಖೆಯ ಛಾಯಾಗ್ರಾಹಕ. ದಾಳಿಯ ಚಿತ್ರ ತೆಗೆಯುವುದಕ್ಕೆ ಸಾಮಾನ್ಯರಿಗೆ ಅನುಮತಿಯಿರಲಿಲ್ಲ. ಅದು ಅವನ ಸರ್ಕಾರಿ ಕೆಲಸ. ರಾತ್ರಿ ಬೆಂಕಿಯೊಳಗೆ ಸಿಕ್ಕಿ, ಹೇಗೋ ಪಾರಾಗಿ, ಊದಿದ ಕಣ್ಣುಗಳಲ್ಲೇ ಮರುದಿನ ಕ್ಯಾಮೆರಾ ಹಿಡಿದು ಹೊರಟ. ರಸ್ತೆಯ ಮೇಲೆ ರಾಶಿಬಿದ್ದ ದೇಹಗಳು, ತಾಯಿ ಮತ್ತು ಮಗು. ಆ ತಾಯಿಯ ಮೈಯೆಲ್ಲ ಕಪ್ಪು, ಬೆನ್ನ ಮೇಲೆ ಮಗುವನ್ನು ಕಟ್ಟಿಕೊಂಡಿದ್ದ ಜಾಗ ಮಾತ್ರ ಬೆಳ್ಳಗಿದೆ. ಸತ್ತವರ ಮುಂದೆ ಕ್ಯಾಮೆರಾ ಎತ್ತಲು ಕೈ ನಡುಗುತ್ತಿತ್ತು, ಕೈಮುಗಿದು ಕ್ಷಮೆ ಕೇಳಿ ತೆಗೆದೆ ಎಂದು ಅವನು ಆಮೇಲೆ ಬರೆದ. ಯುದ್ಧ ಮುಗಿದು ಅಮೆರಿಕದ ಆಡಳಿತ ಆ ಚಿತ್ರಗಳನ್ನು ಒಪ್ಪಿಸು ಎಂದಾಗ ನೆಗೆಟಿವ್‌ಗಳನ್ನು ಕೊಡದೆ ತನ್ನ ಅಂಗಳದಲ್ಲಿ ಹೂತಿಟ್ಟ. ಅಂದಿನ ಬೆಳಗು ಹೇಗಿತ್ತೆಂದು ಜಗತ್ತಿಗೆ ಕಾಣುವುದು ಬಹುಮಟ್ಟಿಗೆ ಆ ಕೆಲವೇ ಹತ್ತು ಚಿತ್ರಗಳಿಂದ.

ಅಂದು ಮಧ್ಯಾಹ್ನ ಸೇನೆಯ ಮುಖ್ಯ ಕಾರ್ಯಾಲಯದ ಪ್ರಕಟಣೆ ರೇಡಿಯೊದಲ್ಲಿ ಬಂತು. ಸುಮಾರು 130 ವಿಮಾನಗಳು ಬಂದಿದ್ದವು, ನಗರದ ಅಲ್ಲಲ್ಲಿ ಬೆಂಕಿ ಬಿತ್ತು. ಅರಮನೆಯ ಕುದುರೆ ಲಾಯದ ಇಲಾಖೆಯ ಬೆಂಕಿ 2.35ಕ್ಕೆ ಆರಿತು, ಉಳಿದವು ಎಂಟು ಗಂಟೆಯ ಹೊತ್ತಿಗೆ ಆರಿದವು ಎಂಬುದು ಅದರ ತಾತ್ಪರ್ಯ. ಸತ್ತವರ ಪ್ರಸ್ತಾಪವೇ ಇಲ್ಲ. ಹೊಂಜೊ, ಫುಕಗಾವಾ, ಅಸಕುಸಾ, ಸೇತುವೆ, ಶಾಲೆ, ಕಾಲುವೆ, ಎಲ್ಲವೂ ಆ ‘ಉಳಿದವು’ ಎಂಬುದರೊಳಗೆ.

ಲೆಕ್ಕ ಹೀಗಿದೆ: 279 ವಿಮಾನಗಳು ಬಾಂಬು ಹಾಕಿದವು, ಸುಮಾರು 1,665 ಟನ್. ಸುಟ್ಟ ನೆಲ 41 ಚದರ ಕಿಲೋಮೀಟರ್. ಮನೆ ಕಟ್ಟಡಗಳು 2,67,000. ಮನೆ ಕಳೆದುಕೊಂಡವರು ಹತ್ತು ಲಕ್ಷ. ಪೊಲೀಸರು ಎಣಿಸಿದ ಸಾವು 83,793. ಅವರು ಎಣಿಸಿದ್ದು ಸಿಕ್ಕ ದೇಹಗಳನ್ನು. ನದಿ ಸಮುದ್ರಕ್ಕೆ ಒಯ್ದವರು, ಬೂದಿಯಾದವರು ಸೇರಿದರೆ ಒಂದು ಲಕ್ಷದ ಹತ್ತಿರ ಎನ್ನುತ್ತಾರೆ. ಎರಡೂವರೆ ಗಂಟೆಯ ಕೆಲಸ. ಆಗಸ್ಟ್ 6ರಂದು ಹಿರೊಶಿಮಾ ದಿನ ಆಚರಿಸುವ ಶಾಲೆಗಳು ನಮ್ಮಲ್ಲಿವೆ, ಒಳ್ಳೆಯದೇ. ಮಾರ್ಚ್ 10 ಎಂದರೆ ಏನೆಂದು ಅಲ್ಲಿನ ಮೇಷ್ಟ್ರನ್ನು ಕೇಳಿದರೂ ಉತ್ತರ ಸಿಗುವುದು ಕಷ್ಟ.

ದೇಹಗಳನ್ನು ಸುಡಲು ಸ್ಮಶಾನಗಳು ಸಾಲದೆ, ಉಯೆನೊ, ಕಿನ್ಶಿ, ಸರುಯೆ ಮುಂತಾದ ಉದ್ಯಾನಗಳಲ್ಲಿ ಗುಂಡಿ ತೋಡಿ ಸಾಮೂಹಿಕವಾಗಿ ಹೂತರು. ಮಾರ್ಚ್ 18ರಂದು ಚಕ್ರವರ್ತಿ ಫುಕಗಾವಾಕ್ಕೆ ಬಂದು ಸುಟ್ಟ ನೆಲ ನೋಡಿ ಹೋದರು. ಯುದ್ಧ ಇನ್ನೂ ಐದು ತಿಂಗಳು ನಡೆಯಿತು. ನಗೊಯಾ, ಒಸಾಕಾ, ಕೋಬೆ, ಆಮೇಲೆ ಅರವತ್ತಕ್ಕೂ ಹೆಚ್ಚು ಊರುಗಳು ಇದೇ ರೀತಿ ಸುಟ್ಟವು. ಹೂತ ದೇಹಗಳನ್ನು 1948ರಿಂದ ತೆಗೆದು ಸುಟ್ಟು, ಬೂದಿಯನ್ನು 1923ರ ಭೂಕಂಪದಲ್ಲಿ ಸತ್ತವರಿಗಾಗಿ ಯೊಕೊಅಮಿಚೊ ಉದ್ಯಾನದಲ್ಲಿ ಕಟ್ಟಿದ್ದ ಸ್ಮಾರಕಕ್ಕೇ ಸೇರಿಸಿದರು. ಬಾಂಬಿಗೆ ಸತ್ತವರು ಭೂಕಂಪದವರ ಮನೆಯಲ್ಲಿ ಇಂದಿಗೂ ಪಾಲುಗಾರರು. ಅವರಿಗೆಂದೇ ರಾಷ್ಟ್ರ ಕಟ್ಟಿದ ವಸ್ತುಸಂಗ್ರಹಾಲಯವಿಲ್ಲ. ಆ ರಾತ್ರಿ ಹನ್ನೆರಡು ವರ್ಷದ ಹುಡುಗನಾಗಿ ಬೆಂಕಿಯಿಂದ ಪಾರಾದ ಲೇಖಕ ಸಾಒತೊಮೆ ಕತ್ಸುಮೊತೊ ಜನರಿಂದ ಹಣ ಕೂಡಿಸಿ, 2002ರಲ್ಲಿ ಸುಟ್ಟ ಕೇರಿಯ ಕಿತಸುನಾದಲ್ಲೇ ಒಂದು ಪುಟ್ಟ ಸಂಗ್ರಹಾಲಯ ತೆರೆದರು. 2022ರಲ್ಲಿ ತೀರಿಕೊಳ್ಳುವವರೆಗೂ ಉಳಿದವರ ಮಾತುಗಳನ್ನು ಬರೆದಿಡುವುದೇ ಅವರ ಬದುಕಾಗಿತ್ತು. ಅತ್ತ 1964ರಲ್ಲಿ ಜಪಾನ್ ಸರ್ಕಾರ ಲೆಮೇಗೆ ಉದಯಸೂರ್ಯ ಪದಕ ಕೊಟ್ಟಿತು, ದೇಶದ ವಾಯುಪಡೆ ಕಟ್ಟಲು ನೆರವಾದನೆಂದು.

1952ರಿಂದ ಜಪಾನಿನಲ್ಲಿ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ, ಸತ್ತವರ ಮನೆಯವರಿಗೆ ಪಿಂಚಣಿ, ಪರಿಹಾರ ಸಿಗುತ್ತಿದೆ. ಬಕೆಟ್ ಹಿಡಿದು ನಿಂತವರಿಗೆ ಇಲ್ಲ. ಸರ್ಕಾರದೊಂದಿಗೆ ಉದ್ಯೋಗ ಸಂಬಂಧ ಇರಲಿಲ್ಲ ಎಂಬುದು ಕೊಡುವ ಕಾರಣ. ಹೊರಡಬೇಡ ಎಂದು ಕಾನೂನು ಮಾಡಿದ್ದು, ಬೆಂಕಿ ಆರಿಸು ಎಂದು ಆಜ್ಞೆ ಮಾಡಿದ್ದು ಸಂಬಂಧವಲ್ಲವೇ ಎಂದು 2007ರಲ್ಲಿ ನೂರಕ್ಕೂ ಹೆಚ್ಚು ಮಂದಿ ನ್ಯಾಯಾಲಯಕ್ಕೆ ಹೋದರು. ಆ ರಾತ್ರಿ ಅನಾಥರಾದವರು, ಕೈಕಾಲು ಕಳೆದುಕೊಂಡವರು. 2009ರಲ್ಲಿ ಸೋತರು, ಮೇಲ್ಮನವಿಯಲ್ಲಿ ಸೋತರು, 2013ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ತಳ್ಳಿಹಾಕಿತು. ಇದು ನ್ಯಾಯಾಲಯದ ಕೆಲಸವಲ್ಲ, ಶಾಸನಸಭೆ ತೀರ್ಮಾನಿಸಲಿ ಎಂದರು.

ಹಾಗಾಗಿ ಅವರು ಶಾಸನಸಭೆಯ ಬಾಗಿಲಿಗೆ ಹೋದರು. ಎಲ್ಲ ಪಕ್ಷಗಳ ಕೆಲವು ಸದಸ್ಯರು ಸೇರಿ, ವಾಯುದಾಳಿಯಲ್ಲಿ ಅಂಗವಿಕಲರಾದವರಿಗೆ ಒಂದೇ ಸಲಕ್ಕೆ ಐದು ಲಕ್ಷ ಯೆನ್ ಕೊಡುವ ಕರಡೊಂದನ್ನು ಮಾಡಿದ್ದಾರೆ. ಮನೆಯವರನ್ನು ಕಳೆದುಕೊಂಡವರಿಗೆ ಅದರಲ್ಲಿ ಏನೂ ಇಲ್ಲ, ಅದನ್ನೂ ಮೊಕದ್ದಮೆ ಹೂಡಿದವರು ಒಪ್ಪಿಕೊಂಡಿದ್ದಾರೆ. ತೊಂಬತ್ತರ ಸಮೀಪದ ಮುದುಕಿಯರು ಶಾಸನಸಭೆಯ ಸದಸ್ಯರ ಕಚೇರಿಯ ಎದುರಿನ ಕಾಲುದಾರಿಯಲ್ಲಿ ನಿಂತು ಕರಪತ್ರ ಹಂಚಿದರು. ದಾಳಿಗೆ 80 ವರ್ಷ ತುಂಬಿದ 2025ರ ಮಾರ್ಚ್ 10ರಂದೂ ಆ ಕರಡು ಕಾನೂನಾಗಿರಲಿಲ್ಲ.